ಪೆನಾಂಗ್ ನೋಡಿದ ಸ್ಟೆಲ್ಲಾ ಆಂಟಿ

ಸ್ಟೆಲ್ಲಾ ಆಂಟಿಯ ಬಾಯಿಗೆ ಸಿಕ್ಕಿದರೆ ನಮ್ಮ ಕಾಕ್ಸ್‌ಟೌನಿನ ಸುತ್ತಮುತ್ತಲ ಒಂದು ಕಟ್ಟಡವೂ ಪಾಸಾಗುತ್ತಿರಲಿಲ್ಲ. ಚರ್ಚಿನ ಗೋಪುರವೇ? ಗಿಡ್ಡ. ಶಿವಾಜಿನಗರದ ಹಳೇ ಮಾರುಕಟ್ಟೆಯ ಕಮಾನೇ? ಪರವಾಗಿಲ್ಲ, ಆದರೆ ಬಣ್ಣ ಸರಿಯಿಲ್ಲ. ಬ್ರಿಟಿಷರು ಮನಸ್ಸಿಟ್ಟು ಕಟ್ಟಿದ್ದೆಲ್ಲ ಪೆನಾಂಗಿನಲ್ಲಿ, ಉಳಿದ ಇಟ್ಟಿಗೆಯಲ್ಲಿ ಬೆಂಗಳೂರು ದಂಡು ಕಟ್ಟಿದರು ಎಂಬುದು ಅವರ ತೀರ್ಪು. ಪೆನಾಂಗ್ ಎಂದರೆ ಮಲೇಷ್ಯಾದ ಒಂದು ದ್ವೀಪ. ಗಂಡ ತೀರಿಕೊಂಡ ಮೇಲೆ, ಪುಟ್ಟ ಮಗಳು ರೀಟಾಳನ್ನು ತಾಯಿಯ ಹತ್ತಿರ ಬಿಟ್ಟು, ಆಂಟಿ ಅಲ್ಲಿಗೆ ಹೋಗಿ ಆರೇಳು ವರ್ಷ ಒಬ್ಬರ ಮನೆಗೆಲಸ ಮಾಡಿ ಬಂದಿದ್ದರು.

ನಾನೋ ಬಾಣಸವಾಡಿಯಲ್ಲಿ ಹುಟ್ಟಿ ಕಾಕ್ಸ್‌ಟೌನಿಗೆ ಸೊಸೆಯಾಗಿ ಬಂದವಳು. ನನ್ನ ಪರದೇಶ ಪ್ರಯಾಣ ಅಂದರೆ ರೈಲ್ವೆ ಹಳಿ ದಾಟಿದ್ದು, ಅಷ್ಟೇ. ಎದುರು ಮನೆಯಲ್ಲಿ ಸಮುದ್ರ ದಾಟಿದವರೊಬ್ಬರು ಇರುವಾಗ ಬಾಯಿ ಮುಚ್ಚಿಕೊಂಡು ಕೇಳುವುದೇ ಲೇಸು. ಆಂಟಿ ಎಂದರೆ ನೈಟಿ, ಹೆಗಲ ಮೇಲೊಂದು ಟವೆಲ್, ಎಣ್ಣೆ ಹಚ್ಚಿ ಬಿಗಿದ ಕೂದಲಿನ ಪುಟ್ಟ ಗಂಟು. ನಮ್ಮ ಮನೆಗೆ ಬಂದರೂ ಸೋಫಾದ ಮೇಲೆ ಕೂರುತ್ತಿರಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದರು. ಕಾಫಿ ಕುಡಿದ ಲೋಟವನ್ನು ನಾನು ಬೇಡ ಬೇಡ ಅನ್ನುವಷ್ಟರಲ್ಲಿ ತೊಳೆದು ಬೋರಲು ಹಾಕಿರುತ್ತಿದ್ದರು. ಕೆಲಸ ಬಾಕಿ ಇಟ್ಟು ಹರಟೆಗೆ ನಿಂತರೆ ನನಗೂ ಬೈಗುಳ. "ಮೊದ್ಲು ಕೆಲ್ಸ, ಆಮೇಲೆ ಕಿಟಕಿ" ಎನ್ನುತ್ತಿದ್ದರು. ಅದೆಂಥ ಗಾದೆಯೋ, ನಾನು ಯಾವತ್ತೂ ಕೇಳಲಿಲ್ಲ.

ಕೆಲಸ ಮುಗಿದ ಮೇಲೆ ಶುರು. ಸಮುದ್ರದ ಪಕ್ಕದಲ್ಲಿ ವಿಕ್ಟೋರಿಯಾ ರಾಣಿಗೆಂದು ಕಟ್ಟಿದ ಗಡಿಯಾರದ ಗೋಪುರ, ಅದರ ತುದಿಗೆ ಸಣ್ಣ ಗುಮ್ಮಟ. ಗೋಪುರ ಒಂಚೂರು ವಾಲಿದೆಯಂತೆ. "ರಾಣಿ ಹೋಗಿ ಎಷ್ಟೋ ಕಾಲ ಆಯ್ತು, ಅದು ಮಾತ್ರ ಡ್ಯೂಟಿ ಮಾಡ್ತಾನೇ ಇದೆ, ನನ್ನ ಥರ" ಎಂದು ನಗುತ್ತಿದ್ದರು. ಅದರ ಹತ್ತಿರವೇ ಇಂಗ್ಲಿಷರ ಕೋಟೆ, ನಕ್ಷತ್ರದ ಆಕಾರದ್ದು, ಒಂದೊಂದು ಮೂಲೆಯೂ ಚೂಪು. ಆಚೆ ಮೈದಾನದ ಅಂಚಿಗೆ ಟೌನ್‌ಹಾಲ್, ಸಂಜೆ ಅದರ ಛಾವಣಿಯ ಮೇಲೆ ಸಾಲಾಗಿ ಕೂರುವ ಪಾರಿವಾಳಗಳು. ಕೇಳಿ ಕೇಳಿ ನನಗೆ ಹಲಸೂರಿಗಿಂತ ಪೆನಾಂಗಿನ ದಾರಿಯೇ ಚೆನ್ನಾಗಿ ಗೊತ್ತಿತ್ತು.

ರೀಟಾಳಿಗೆ ಮಾತ್ರ ಈ ಕಥೆಗಳೆಂದರೆ ಆಗುತ್ತಿರಲಿಲ್ಲ. ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗ ನೋಡಿಕೊಳ್ಳುವ ಹುಡುಗಿ, ಮಾತು ಕಡಿಮೆ. ಒಮ್ಮೆ ನನ್ನ ಹತ್ತಿರ ಹೊಟ್ಟೆಯಲ್ಲಿದ್ದದ್ದನ್ನು ಕಕ್ಕಿದ್ದಳು. ಚಿಕ್ಕವಳಾಗಿದ್ದಾಗ ಫೋನ್ ಬಂದಾಗೆಲ್ಲ ಅಮ್ಮ ಗೋಪುರ ನೋಡಿದೆ, ಕೋಟೆ ನೋಡಿದೆ ಎನ್ನುತ್ತಿದ್ದಳಂತೆ. ಅಮ್ಮ ಅಲ್ಲಿ ಊರು ಸುತ್ತುತ್ತಾಳೆ, ನಾನಿಲ್ಲಿ ಅಜ್ಜಿಯ ಬೈಗುಳ ತಿಂದುಕೊಂಡು ಬಿದ್ದಿದ್ದೇನೆ ಎಂಬ ಸಿಟ್ಟು ಅವಳಲ್ಲಿ ಹಾಗೇ ಉಳಿದುಬಿಟ್ಟಿತ್ತು.

ಆ ಸಿಟ್ಟು ಇಳಿದದ್ದು ಶಫೀಕ್ ಭಾಯ್ ದೆಸೆಯಿಂದ. ನಮ್ಮ ಕೆಳಗಿನ ಮನೆಯವರು, ಶಿವಾಜಿನಗರದಲ್ಲಿ ಸೂಟ್‌ಕೇಸ್ ಅಂಗಡಿ. ಸಂಸಾರ ಸಮೇತ ಮಲೇಷ್ಯಾ ಪ್ರವಾಸ ಮುಗಿಸಿ ಬಂದವರು, ಆಂಟಿಗೆ ತೋರಿಸಲೇಬೇಕೆಂದು ಫೋನ್ ಹಿಡಿದು ಮೇಲೆ ಹತ್ತಿ ಬಂದರು. ನಾನೂ ಹಿಂದೆಯೇ ನುಗ್ಗಿದೆ. ರೀಟಾಳೂ ಮನೆಯಲ್ಲೇ ಇದ್ದಳು. ಗಡಿಯಾರದ ಗೋಪುರದ ಬುಡದಲ್ಲಿ ಭಾಯ್, ಟೌನ್‌ಹಾಲಿನ ಬಾಗಿಲಲ್ಲಿ ಭಾಯ್, ಕೋಟೆಯ ಫಿರಂಗಿಯ ಪಕ್ಕ ಭಾಯ್. ಆಂಟಿ ಕನ್ನಡಕ ಏರಿಸಿಕೊಂಡು ನೋಡಿದರು, ನೋಡಿದರು, ತಲೆ ಅಲ್ಲಾಡಿಸಿದರು. ಇದು ಆ ಕೋಟೆ ಅಲ್ಲವೇ ಅಲ್ಲ, ನಿಮಗೆ ಯಾರೋ ಟೋಪಿ ಹಾಕಿದ್ದಾರೆ, ನಕ್ಷತ್ರ ಎಲ್ಲಿದೆ ತೋರಿಸಿ ಅಂದರು.

"ಕ್ಯಾ ಆಂಟಿ, ನಾನು ಒಳಗೆ ಪೂರಾ ಸುತ್ತು ಹೊಡ್ದಿದೀನಿ. ಕೆಳಗೆ ನಿಂತ್ರೆ ಗೋಡೆ ಕಾಣುತ್ತೆ, ಅಷ್ಟೇ. ನಕ್ಷತ್ರ ಕಾಣ್ಬೇಕಂದ್ರೆ ಆಕಾಶದಿಂದ ನೋಡ್ಬೇಕು" ಎಂದು ಭಾಯ್ ನಕ್ಕರು. ನಾನೂ ನಕ್ಕೆ. ರೀಟಾ ನಗಲಿಲ್ಲ.

"ಅಮ್ಮಾ, ನೀನು ಎಲ್ಲಿಂದ ನೋಡ್ದೆ?"

"ಅಡುಗೆಮನೆ ಕಿಟಕಿಯಿಂದ" ಎಂದರು ಆಂಟಿ, ಅದರಲ್ಲೇನು ವಿಶೇಷ ಎಂಬಂತೆ.

ಎಷ್ಟನೆಯ ಮಹಡಿಯೋ ಅವರಿಗೆ ನೆನಪಿಲ್ಲ. ಬಲು ಎತ್ತರವಂತೆ. ಒಡತಿ ಹೊರಗೆ ಹೋಗುವಾಗ ಬೀಗ ಹಾಕಿಕೊಂಡು ಹೋಗುತ್ತಿದ್ದಳು. ಆಂಟಿ ಅಲ್ಲಿಗೆ ಹೋಗಿಳಿದ ದಿನವೇ ಅವರ ಪಾಸ್‌ಪೋರ್ಟ್ ಒಡತಿಯ ಬೀರು ಸೇರಿತ್ತು. ಹೋಗಿಳಿದ ದಿನ ಬಿಟ್ಟರೆ, ಊರಿಗೆ ಕಳಿಸುವ ದಿನ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಕರೆದೊಯ್ದದ್ದೇ ಅವರು ಆ ಬೀದಿಗಳಲ್ಲಿ ಮಾಡಿದ ಪ್ರಯಾಣ. ಅಯ್ಯೋ ದೇವರೇ, ಇಷ್ಟು ವರ್ಷ ಈಯಮ್ಮ ನನಗೆ ಹೇಳಿದ್ದೆಲ್ಲ ಛಾವಣಿ, ಗುಮ್ಮಟ, ತುದಿ. ಒಂದು ಮೆಟ್ಟಿಲು, ಒಂದು ಬಾಗಿಲು ಅವರ ಮಾತಿನಲ್ಲಿ ಬಂದಿರಲೇ ಇಲ್ಲ. ಮತ್ತೆ ಫೋನಿನಲ್ಲಿ ಯಾಕೆ ಹಾಗೆ ಹೇಳುತ್ತಿದ್ದೆ ಎಂದು ರೀಟಾ ಕೇಳಿದಳು.

"ನೋಡ್ದೆ ಅಂತ ಹೇಳ್ತಿದ್ದೆ. ಹೋಗಿದ್ದೆ ಅಂತ ಹೇಳಿದ್ನಾ? ನೀನು ಆ ಕಡೆ ಅಳ್ತಾ ಇದ್ದೆ ಮಗು. ಬೀಗದ ಒಳಗಿದೀನಿ ಅಂತ ಹೇಳ್ಬೇಕಿತ್ತಾ?"

ರೀಟಾ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಭಾಯ್ ಸದ್ದಿಲ್ಲದೆ ಫೋನನ್ನು ಜೇಬಿಗಿಟ್ಟುಕೊಂಡರು.

ಇದಾದ ಮೇಲೆ ತಾಯಿ ಮಗಳು ಎಷ್ಟು ಹತ್ತಿರವಾದರೆಂದರೆ ನನಗೇ ಹೊಟ್ಟೆಕಿಚ್ಚು. ಆದರೆ ದೇವರಿಗೆ ಅದೂ ಸಹಿಸಲಾಗಲಿಲ್ಲವೋ ಏನೋ, ಆಂಟಿಗೆ ಮರೆವು ಹಿಡಿಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿ. ಒಂದು ಮಧ್ಯಾಹ್ನ ಮನೆಯಿಂದ ಎದ್ದು ಹೋದವರು ಬಾಣಸವಾಡಿ ಸ್ಟೇಷನ್ನಿನ ಹಳಿಯ ಮೇಲೆ ನಡೆಯುತ್ತಿದ್ದರಂತೆ. ಯಾರೋ ಪುಣ್ಯಾತ್ಮರು ಕೈ ಹಿಡಿದು ಎಳೆದುಕೊಂಡರು. ನೋಡಿಕೊಳ್ಳಲು ಬಂದ ಹೆಂಗಸರು ಯಾರೂ ನಿಲ್ಲಲಿಲ್ಲ, ರೀಟಾ ಕೆಲಸ ಬಿಡುವಂತಿರಲಿಲ್ಲ. ಕೊನೆಗೆ ಅವಳು ಹೊಸ ಬೀಗ ತಂದಳು. ಹೊರಗಿನಿಂದ ಹಾಕಿ, ಕೀಯನ್ನು ನನ್ನ ಕೈಯಲ್ಲಿಟ್ಟು, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಹಾಕಿದ್ರೆ ಆ ಪೆನಾಂಗ್ ಮೇಡಮ್ಮೇ ಆಗ್ತೀನಿ. ಹಾಕ್ದಿದ್ರೆ ಅಮ್ಮನ್ನ ಹಳಿ ಮೇಲಿಂದ ಎತ್ಕೊಂಡು ಬರ್ಬೇಕು. ನೀವೇ ಹೇಳಿ ಅಕ್ಕಾ, ಏನ್ ಮಾಡ್ಲಿ?"

ಅತ್ತ ದರಿ, ಇತ್ತ ಪುಲಿ. ಮಧ್ಯಾಹ್ನ ಊಟ ಕೊಡಲು ಬೀಗ ತೆಗೆದರೆ ಆಂಟಿ ಗೋಡೆಗೆ ಒತ್ತಿಕೊಂಡು ನಿಂತಿದ್ದರು, ಎರಡೂ ಕೈ ಹೊಟ್ಟೆಯ ಮೇಲೆ. ನೆಲ ಒರೆಸಿ ಒರೆಸಿ ಮೊಣಕೈವರೆಗೂ ಒದ್ದೆ. ನನ್ನನ್ನೇ ಮೇಡಂ ಎಂದರು. ಗ್ಯಾಸ್ ಆಫ್ ಮಾಡಿದೀನಿ, ಬಟ್ಟೆ ಮಡಚಿಟ್ಟಿದೀನಿ ಎಂದು ವರದಿ ಒಪ್ಪಿಸಿದರು. ಆದರೂ ತಟ್ಟೆ ತೊಳೆದು ಹೊರಬಂದು ಮತ್ತೆ ಬೀಗ ಹಾಕಿದೆ. ಹಾಕಲೇಬೇಕಿತ್ತು. ಹೀಗೇ ಮಳೆಗಾಲವೆಲ್ಲ ಕಳೆಯಿತು.

ಒಂದು ಸಂಜೆ ರೀಟಾ ಬರುವಾಗ ನಾನೂ ಅಲ್ಲೇ ಇದ್ದೆ. ಬಾಗಿಲು ತೆರೆದದ್ದೇ ಆಂಟಿ ಮಗಳ ಮುಂದೆ ಬಂದು ತಲೆ ತಗ್ಗಿಸಿ ನಿಂತರು.

"ಮೇಡಂ, ಕೆಲ್ಸ ಎಲ್ಲ ಆಯ್ತು. ನನ್ನ ಪಾಸ್‌ಪೋರ್ಟ್ ಕೊಟ್ಬಿಡಿ. ಎಲ್ಲೂ ಓಡಿಹೋಗಲ್ಲ. ನನ್ನ ಹತ್ರ ಇರ್ಲಿ, ಅಷ್ಟೇ."

ನಾನಮ್ಮಾ, ರೀಟಾ ಎಂದು ಹೇಳಿ ಹೇಳಿ ಅವಳು ಎಂದೋ ಸೋತಿದ್ದಳು. ಚೀಲ ಕೆಳಗಿಟ್ಟಳು. ಒಳಗೆ ಹೋಗಿ ಟ್ರಂಕಿನ ತಳದಿಂದ ಹಳೇ ಪಾಸ್‌ಪೋರ್ಟ್ ತೆಗೆದಳು, ಎಂದೋ ಅವಧಿ ಮುಗಿದು, ರದ್ದಾದ ಗುರುತಿಗೆ ಮೂಲೆ ಕತ್ತರಿಸಿದ್ದು. ತಂದು ಎರಡೂ ಕೈಯಲ್ಲಿ ಕೊಟ್ಟಳು.

"ತಗೊಳ್ಳಿ ಸ್ಟೆಲ್ಲಾ. ಮೊದ್ಲೇ ಕೊಡ್ಬೇಕಿತ್ತು. ತಪ್ಪಾಯ್ತು" ಎಂದಳು.

ಆಂಟಿ ಪುಟ ತಿರುಗಿಸಿ ತಮ್ಮ ಫೋಟೋ ನೋಡಿಕೊಂಡರು. ಆಮೇಲೆ ಅದನ್ನು ನೈಟಿಯ ಜೇಬಿಗೆ ಹಾಕಿಕೊಂಡು, ನಾನು ಕಂಡಂತೆ ಮೊದಲ ಸಲ, ಕುರ್ಚಿಗೆ ಪೂರ್ತಿ ಬೆನ್ನು ಕೊಟ್ಟು ಕೂತರು.

ಮಾರನೆಯ ದಿನ ಅವರ ಮುಖದ ಮೇಲಿದ್ದ ನೆಮ್ಮದಿ ನೋಡಿ ನನಗೆ ಬೀಗ ಹಾಕಲು ಕೈ ಬರಲಿಲ್ಲ. ಬಾಗಿಲು ತೆರೆದಿಟ್ಟು, ನನ್ನ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ ಕಾವಲು ಕೂತೆ. ಅವರು ಹೊರಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಕಾಲಿನ ಶಕ್ತಿ ಹೋಗಿರಬೇಕು, ಕಾಯಿಲೆ ಮುಂದಿನ ಹಂತಕ್ಕೆ ಬಂದಿರಬೇಕು ಎಂದರು ಡಾಕ್ಟರು. ಇರಬಹುದು, ಓದಿದವರು. ನಾನು ನಂಬಲಿಲ್ಲ.

ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಬೆಳಗ್ಗೆ ಆಂಟಿ ನಿದ್ದೆಯಲ್ಲೇ ಹೋದರು. ಹಿಂದಿನ ವಾರ ಒಂದು ಮಧ್ಯಾಹ್ನ, ಏನು ಪುಣ್ಯವೋ, ನನ್ನ ಗುರುತು ಹತ್ತಿತ್ತು. ಜಯಾ ಎಂದು ಹೆಸರು ಹಿಡಿದು ಕರೆದರು. ನನಗೆ ಹಿಗ್ಗೋ ಹಿಗ್ಗು. ಬನ್ನಿ ಆಂಟಿ, ನಾನು ಕೈ ಹಿಡ್ಕೋತೀನಿ, ಚರ್ಚಿನವರೆಗೆ ಹೋಗಿ ಬರೋಣ, ಬಾಗಿಲು ತೆಗೆದೇ ಇದೆ ನೋಡಿ ಎಂದು ಒತ್ತಾಯ ಮಾಡಿದೆ. ಅವರು ಬಾಗಿಲ ಕಡೆ ನೋಡಿದರು, ಜೇಬು ಮುಟ್ಟಿಕೊಂಡರು, ನನ್ನ ಅವಸರ ಕಂಡು ನಕ್ಕರು.

"ಹೋಗ್ಬೋದು ಅಂತ ಆಯ್ತಲ್ಲ ಜಯಾ, ಇನ್ನೇನು ಅರ್ಜೆಂಟು?" ಎಂದರು.