ಬಣ್ಣ ಹಚ್ಚದ ರಾಕ್ಷಸ

ಕಣಕಟ್ಟೆಯ ಇಂದುಧರನಿಗೆ ಹರೆಯದಲ್ಲಿ ಸಿಡುಬು ಬಂತು. ಜೀವ ಉಳಿಯಿತು, ಎಡಗಣ್ಣು ಹೋಯಿತು. ಮುಖವೆಲ್ಲ ಕುಳಿಬಿದ್ದು ತುಟಿ ಒಂದು ಕಡೆಗೆ ಸೊಟ್ಟಗಾಯಿತು. ಊರಿನವರು ಕ್ರಮೇಣ ಆ ಮುಖಕ್ಕೆ ಹೊಂದಿಕೊಂಡರು. ಕಾಂತಮ್ಮ ಅವನನ್ನು ಮದುವೆಯಾದಳು, ಸುವರ್ಣ ಎಂಬ ಮಗಳು ಹುಟ್ಟಿದಳು. ತೋಟದ ಎಳನೀರನ್ನು ಗಾಡಿಗೆ ಹೇರಿಕೊಂಡು ಅವನು ಸಂತೆಗಳನ್ನು ಸುತ್ತುತ್ತಿದ್ದ.

೧೯೬೨ರ ಬೇಸಿಗೆಯಲ್ಲಿ ಮದರಾಸಿನವರು ಹಳೇಬೀಡಿನ ಕೆರೆಯಂಚಿಗೆ ಸಿನಿಮಾ ತೆಗೆಯಲು ಬಂದರು. ಅಜ್ಜಿಯರು ಹೇಳುವ ಬ್ರಹ್ಮರಾಕ್ಷಸನ ಕಥೆಯನ್ನೇ ಈ ಕಾಲಕ್ಕೆ ತಿರುಗಿಸಿದ್ದರು: ರಾಕ್ಷಸ ಮರದಲ್ಲಲ್ಲ, ಬಂಗಲೆಯಲ್ಲಿರುತ್ತಾನೆ, ಕೋಟು ತೊಡುತ್ತಾನೆ. ಎಳನೀರು ಇಳಿಸುತ್ತಿದ್ದ ಇಂದುಧರನನ್ನು ನಿರ್ದೇಶಕ ಕಣ್ಣು ಕೀಳದೆ ನೋಡಿದ. ಹೊಸಬರು ಯಾರೂ ಅವನನ್ನು ಹಾಗೆ ನೋಡಿದ್ದಿಲ್ಲ.

"ಪಾರ್ಟು ಮಾಡ್ತೀರಾ? ನಿಮಗೆ ಬಣ್ಣ ಹಚ್ಚೋದೇ ಬೇಡ."

"ರಾಕ್ಷಸನ ಪಾರ್ಟಾ, ಸ್ವಾಮಿ?"

"ಜನ ರಾಕ್ಷಸ ಅಂತ ಕರೆದ ಮನುಷ್ಯನದು. ಕೊನೇಲಿ ನೋಡಿದೋರೆಲ್ಲ ಅಳಬೇಕು."

ಆ ಮಾತಿಗೇ ಅವನು ಒಪ್ಪಿದ. ಕೊನೆಯ ದೃಶ್ಯದ ಮಾತನ್ನು ಮನೆಯಲ್ಲಿ ಬಾಯಿಪಾಠ ಮಾಡಿದ: "ನಾನು ಯಾರನ್ನೂ ತಿನ್ನಲಿಲ್ಲ. ನನ್ನ ಜೊತೆ ಕೂತು ಉಣ್ಣಿ ಅಂದೆ, ಅಷ್ಟೆ." ಕಾಂತಮ್ಮ ಮುದ್ದೆ ಕಟ್ಟುತ್ತಲೇ ಕಣ್ಣೊರೆಸಿಕೊಂಡಳು. ಕ್ಯಾಮೆರಾದ ಮುಂದೆ ಅದನ್ನು ಹೇಳಿ ಮುಗಿಸಿದಾಗ ದೀಪ ಹಿಡಿದವರೂ ಚಪ್ಪಾಳೆ ತಟ್ಟಿದರು.

ಮರುವರ್ಷ ಸಿನಿಮಾ ಅರಸೀಕೆರೆಯ ಟೆಂಟಿಗೆ ಬಂತು. ಇಂದುಧರ ಹೆಂಡತಿ ಮಗಳ ಜೊತೆಗೆ ಹಾರನಹಳ್ಳಿಯ ಷಡಕ್ಷರಪ್ಪನ ಮನೆಯವರನ್ನೂ ಕರೆದುಕೊಂಡು ಹೋದ. ಅವರ ಮಗನಿಗೆ ಸುವರ್ಣಳನ್ನು ಕೊಡುವ ಮಾತಾಗಿತ್ತು.

ಬಂಗಲೆಯ ಬಾಗಿಲು ತೆರೆಯಿತು. ಪರದೆಯ ತುಂಬ ಅವನ ಮುಖ. ಗಂಟಲಿನಿಂದ ಬಂದದ್ದು ಬೇರೆ ಯಾರದೋ ಗುಟುರು. ಹೆಂಗಸರು ಚೀರಿದರು. ಕೊನೆಗೆ ಊರವರು ಬಂಗಲೆಗೆ ಬೆಂಕಿಯಿಟ್ಟಾಗ ಟೆಂಟು ಸಿಳ್ಳೆ ಹೊಡೆಯಿತು. ಅವನ ಮಾತು ಒಂದೂ ಇರಲಿಲ್ಲ.

"ನೀನು ಹೇಳಿದ್ದು ಎಲ್ಲೈತೆ?" ಎಂದಳು ಕಾಂತಮ್ಮ.

"ಕತ್ತರಿಸಿ ಹಾಕವ್ರೆ."

ಹೊರಗೆ ಷಡಕ್ಷರಪ್ಪ ನೆಲ ನೋಡುತ್ತ ಹೇಳಿದ: "ನಂಗೇನೂ ಇಲ್ಲ ಕಣಪ್ಪ. ಹೆಂಗಸ್ರು ಹೆದರ್ಕಂಡವ್ರೆ. ನಾಳೆ ಮಕ್ಕಳು ಮರಿ ಅಂತ..."

"ಸಿಡುಬು ರಕ್ತದಾಗೆ ಬರಾಕಿಲ್ಲ ಕಣ್ರೀ."

"ಗೊತ್ತೈತೆ," ಎಂದು ಷಡಕ್ಷರಪ್ಪ ಗಾಡಿ ಹತ್ತಿದ. ಸಂಬಂಧ ಅಲ್ಲಿಗೆ ಮುರಿಯಿತು.

ಸಂತೆಯಲ್ಲಿ ಹಳೆಯ ಗಿರಾಕಿಗಳೂ ಪಕ್ಕದ ಗಾಡಿಗೆ ಸರಿದರು. ತನ್ನ ಭಾಗವನ್ನು ಕತ್ತರಿಸಿ ಎಂದು ಇಂದುಧರ ಟೆಂಟಿನ ಮ್ಯಾನೇಜರನ್ನು ಬೇಡಿಕೊಂಡ.

"ನಿಮ್ಮನ್ನ ನೋಡೋಕೇ ಜನ ಬರೋದು. ಕೋಟು ಹಾಕ್ಕೊಂಡು ಗೇಟಿನಲ್ಲಿ ನಿಲ್ತೀರಾ?" ಎಂದ ಅವನು.

ಇಂದುಧರ ಮನೆಗೆ ಬಂದ. ಮತ್ತೆ ಸಂತೆಗೆ ಹೋಗಲಿಲ್ಲ. ಗಾಡಿಯನ್ನು ಕಾಂತಮ್ಮ ಹೊಡೆದಳು.

ಸುವರ್ಣಳನ್ನು ಗೆಂಡೆಹಳ್ಳಿಯ ವಯಸ್ಸಾದ ವಿಧುರನೊಬ್ಬನಿಗೆ ಗೊತ್ತುಮಾಡಿದರು. ಮದುವೆಗೆ ಮುಂಚೆ ಅವಳೇ ತಂದೆಯ ಮುಂದೆ ನಿಂತಳು. "ಅಪ್ಪ, ನೀನು ಚಪ್ಪರಕ್ಕೆ ಬರಬ್ಯಾಡ. ಇದೂ ತಪ್ಪಿದ್ರೆ ನಂಗೆ ಇನ್ಯಾರೂ ಇಲ್ಲ."

"ಆಯ್ತು ಮಗಳೆ," ಎಂದ ಅವನು.

ಸೋದರಮಾವ ಧಾರೆ ಎರೆದ. ಓಲಗದ ಸದ್ದು ಕೇಳುವಷ್ಟು ಹತ್ತಿರದಲ್ಲೇ, ತೋಟದ ಗುಡಿಸಿಲಿನಲ್ಲಿ ಇಂದುಧರ ಕಾಯಿ ಸುಲಿಯುತ್ತ ಕೂತಿದ್ದ. ಸುವರ್ಣ ಆಮೇಲೆ ತವರಿಗೆ ಬರಲಿಲ್ಲ. ಐದು ವರ್ಷದ ನಂತರ ಅವನು ಜ್ವರದಲ್ಲಿ ತೀರಿಕೊಂಡಾಗ ಕಾಂತಮ್ಮ ಹೇಳಿಕಳಿಸಿದಳು. ಗೆಂಡೆಹಳ್ಳಿಯಿಂದ ಯಾರೂ ಬರಲಿಲ್ಲ.