ಹಸಿ ಸ್ಲ್ಯಾಬಿನ ನೆರಳು

೧೯೮೬ರ ಬೇಸಿಗೆ. ಪತ್ರಿಕೆಯ ಕೆಲಸಕ್ಕೆ ಸೇರುವ ಮುನ್ನ ನಾನು ಎರಡು ವರ್ಷ ಒಬ್ಬ ಗುತ್ತಿಗೆದಾರರ ಬಳಿ ಸೂಪರ್‌ವೈಸರ್ ಆಗಿದ್ದೆ. ಜೇವರ್ಗಿ ತಾಲೂಕಿನಲ್ಲಿ, ಅಂದೋಲಾಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಎರಡು ಕೋಣೆಗಳ ಶಾಲೆ ಕಟ್ಟುತ್ತಿದ್ದೆವು. ಹಾಜರಿ ಬರೆಯುವುದು, ಸಿಮೆಂಟ್ ಕಾಯುವುದು, ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮೂರನೆಯದಕ್ಕೆಂದು ನನಗೆ ಕೊಟ್ಟಿದ್ದು ಒಂದು ಬಾಟಲಿ ಟಿಂಕ್ಚರ್, ಒಂದಿಷ್ಟು ಹತ್ತಿ.

ಸ್ಲ್ಯಾಬ್ ಹಾಕಲು ಸೋಮವಾರ ಗೊತ್ತು ಮಾಡಿದೆವು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಹೊಲದ ಕೆಲಸ ನಿಂತಿರುವುದರಿಂದ ಆಳುಗಳು ಬೇಕಾದಷ್ಟು ಸಿಗುತ್ತಾರೆ. ಹಾಗೆ ಬಂದವರಲ್ಲಿ ಅರ್ಧ ಜನ ಕಟ್ಟಡದ ಕೆಲಸ ಮಾಡಿದವರಲ್ಲ.

ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಹೇಳಿದೆ: ಸ್ಲ್ಯಾಬಿನ ಕೆಳಗೆ ಯಾರೂ ಹೋಗಬಾರದು, ಹಲಗೆಗಳಿಗೆ ಆನಿಸಿ ನಿಲ್ಲಿಸಿದ ಕಟ್ಟಿಗೆಯ ಕಂಬಗಳನ್ನು ಮುಟ್ಟಬಾರದು. ಬುಟ್ಟಿ ಹೊರುವ ನೀಲವ್ವ ಆಗಲೇ ಎರಡು ಕಂಬಗಳ ನಡುವೆ ಹಳೆಯ ಸೀರೆ ಕಟ್ಟಿ, ಎಂಟು ತಿಂಗಳ ಮಗಳನ್ನು ಮಲಗಿಸಿದ್ದಳು. ಬಿಚ್ಚಿಸಿದೆ. ಹನ್ನೊಂದರ ಹೊತ್ತಿಗೆ ನೆಲ ಕಾದು ಹೆಂಚಾಯಿತು. ಅಲ್ಲಿದ್ದ ಒಂದೇ ಬೇವಿನ ಮರವನ್ನು ಪಾಯಕ್ಕೆ ಅಡ್ಡವೆಂದು ನಾವೇ ಕಡಿಸಿದ್ದೆವು. ನೀಲವ್ವ ಕೂಸನ್ನು ಎತ್ತಿಕೊಂಡು ಬಂದಳು.

"ಯಪ್ಪಾ, ಬಿಸಲಿಗಿ ಕೂಸು ಬಾಡಾಕತ್ತದ್ರಿ. ಒಳಗ ಕಟ್ತೇನ್ರಿ."

"ಬ್ಯಾಡಂತ ಹೇಳೇನಲ್ಲ ನೀಲವ್ವಾ. ಮ್ಯಾಲ ಹಸಿ ಸ್ಲ್ಯಾಬ್ ಅದ. ಬಿದ್ದರ?"

"ಅದು ಬಿದ್ದರ ಬಿದ್ದೀತ್ರಿ. ಬಿಸಲು ಆಗಲೇ ಬಿದ್ದದಲ್ರಿ."

ನಾನು ಹಾಜರಿ ಪುಸ್ತಕದತ್ತ ಮುಖ ತಿರುಗಿಸಿದೆ. ಅವಳಿಗೆ ಅಷ್ಟು ಸಾಕಾಯಿತು.

ಊಟದ ನಂತರ ಇನ್ನೂ ಕೆಲವರು ಕೆಲಸಕ್ಕೆ ಬಂದರು. ಬೆಳಗಿನ ಮಾತನ್ನು ಅವರಿಗೆ ನಾನು ಮತ್ತೆ ಹೇಳಲಿಲ್ಲ. ಮುಕ್ಕಾಲು ಸ್ಲ್ಯಾಬ್ ಮುಗಿದಿತ್ತು. ಮೇಲಿದ್ದ ಮೈಬೂಬ ಮೇಸ್ತ್ರಿ ಕೈಯಲ್ಲಿನ ಕರಣೆ ನಿಲ್ಲಿಸಿ ಕೆಳಗಿದ್ದ ನನ್ನನ್ನು ಕೂಗಿದ.

"ಸಾಹೇಬ್ರ, ಕಾಲ ಕೆಳಗ ಸ್ಲ್ಯಾಬ್ ನಡಗಾಕತ್ತದ. ಕೆಳಗ ಯಾರ ಅದಾರ ನೋಡ್ರಿ."

ಬಾಗಿಲಲ್ಲಿ ನಿಂತು ನೋಡಿದೆ. ಮೂಲೆಯ ಕಂಬಕ್ಕೆ ಒಂದು ಎತ್ತು ಕಟ್ಟಿತ್ತು. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿದ್ದ ಬಿಳಿ ಎತ್ತು. ಅದು ಕುತ್ತಿಗೆಯನ್ನು ಕಂಬಕ್ಕೆ ತಿಕ್ಕುತ್ತಿತ್ತು. ಕಂಬದ ಬುಡದ ಬೆಣೆ ಅರ್ಧ ಹೊರಗೆ ಬಂದಿತ್ತು. ಎರಡು ಕಂಬಗಳಾಚೆ ನೀಲವ್ವ ಕಟ್ಟಿದ ಸೀರೆಯ ಜೋಳಿಗೆ, ಅದರಲ್ಲಿ ಕೂಸು.

ಒಂದು ಹೆಜ್ಜೆ ಒಳಗಿಟ್ಟೆ. ಎತ್ತು ಬುಸುಗುಟ್ಟಿ ಹಿಂದೆ ಸರಿಯಿತು. ಹಗ್ಗ ಬಿಗಿಯಾಗಿ ಮೇಲಿನ ಹಲಗೆ ಕಿರುಗುಟ್ಟಿತು. ಅಲ್ಲೇ ನಿಂತೆ. ಎತ್ತು ಯಾರದೆಂದು ಸಣ್ಣ ದನಿಯಲ್ಲಿ ಕೇಳಿದೆ. ಊಟದ ನಂತರ ಬಂದ ಶರಣಪ್ಪ ಬುಟ್ಟಿ ಇಳಿಸಿ ಬಂದು, ಒಳಗೆ ನೋಡಿ ಬಣ್ಣಗೆಟ್ಟ. ಆದರೂ ಮನೆಯ ಕೊಟ್ಟಿಗೆಗೆ ಹೋಗುವವನಂತೆ ನಿಧಾನವಾಗಿ ಒಳಗೆ ನಡೆದ.

"ಬಾ ನಮ್ಮಪ್ಪಾ, ಬಾ. ಹಳ್ಳಕ್ಕ ಹೋಗಮು ಬಾ."

ಅವನು ಎತ್ತಿನ ಕುತ್ತಿಗೆಯ ಗಂಗೆದೊಗಲು ಸವರುತ್ತ ಗಂಟು ಬಿಚ್ಚುವಾಗ ನಾನು ಬಗ್ಗಿ, ಸೀರೆಯನ್ನು ಎಳೆಯದೆ ಕೂಸನ್ನು ಮೇಲೆತ್ತಿಕೊಂಡೆ. ಅದು ನಿದ್ದೆಯಲ್ಲಿತ್ತು. ನೀಲವ್ವ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹೊರಗೆ ಬಂದು ಕೂಸನ್ನು ಅವಳ ಕೈಗಿಟ್ಟೆ. ಮೇಲೆ ಮೇಸ್ತ್ರಿ ಆಳುಗಳನ್ನು ಒಬ್ಬೊಬ್ಬರನ್ನಾಗಿ ಆಚೆ ಕೋಣೆಯ ಸ್ಲ್ಯಾಬಿನ ಕಡೆಗೆ ಕಳಿಸುತ್ತಿದ್ದ. ಕೊನೆಗೆ ಶರಣಪ್ಪನ ಹಿಂದೆ ಎತ್ತು ಹೊರಬಂತು. ಅದರ ಬಾಲ ಬಾಗಿಲು ದಾಟಿದ ಮೇಲೆ ಕಂಬ ವಾಲಿತು. ಮೂಲೆ ಕುಸಿದು, ಹಸಿ ಕಾಂಕ್ರೀಟು ಜೋಳಿಗೆಯ ಸೀರೆಯನ್ನೂ ಸೇರಿಸಿಕೊಂಡು ನೆಲಕ್ಕೆ ಬಂತು. ಯಾರಿಗೂ ಏನೂ ಆಗಲಿಲ್ಲ.

ಮೇಸ್ತ್ರಿ ಕೆಳಗಿಳಿದು ಬಂದು ಶರಣಪ್ಪನನ್ನು ಬೈದ: "ಏನಲೇ, ಸಾಲಿ ಕಟ್ಟಾಕತ್ತೇವೋ, ನಿನ್ನ ಕೊಟಗಿ ಕಟ್ಟಾಕತ್ತೇವೋ?"

ಶರಣಪ್ಪ ನನ್ನ ಕಡೆ ನೋಡಿ ಹೇಳಿದ: "ಹಳ್ಳದಾಗ ಮೈ ತೊಳದು ಸೀದಾ ಬಂದೇನ್ರಿ ಸಾಹೇಬ್ರ. ಸೋಮಾರ ದಿನ ದೇವರಿಗಿ ಬಿಸಲಾಗ ಹ್ಯಾಂಗ ನಿಂದ್ರಸ್ಲಿ? ಕೂಸಿಗಿ ಮಲಗಿಸಿದ್ದು ನೋಡಿದೆ. ಜಾಗಾ ಚಲೋ ಅದ ಅಂತ ತಿಳಕೊಂಡೆ."

ಆ ಕೊನೆಯ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಮರುದಿನ ಎಂಜಿನಿಯರ್ ಬಂದರು. ಕಾರಣ ಬರೆದುಕೊಡಲು ಹೇಳಿದರು. ಎತ್ತು ಕಟ್ಟಿದ್ದರಿಂದ ಕಂಬ ಸರಿಯಿತು ಎಂದು ಬರೆದುಕೊಟ್ಟೆ. ಅದು ಸುಳ್ಳಲ್ಲ. ಹಾಜರಿ ಪುಸ್ತಕದತ್ತ ಮುಖ ತಿರುಗಿಸಿದ್ದನ್ನು ಬರೆಯಲಿಲ್ಲ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ.

ಮುಂದೆ ವರದಿಗಾರನಾಗಿ ಅಫಜಲಪುರ, ಆಳಂದ ಕಡೆಯ ಇಂಥ ಎಷ್ಟೋ ಅಪಘಾತಗಳನ್ನು ನಾಲ್ಕು ಸಾಲಿನಲ್ಲಿ ಬರೆದೆ. ಸತ್ತವರ ಹೆಸರು, ವಯಸ್ಸು, ಊರು. ಆಳುಗಳ ನಿರ್ಲಕ್ಷ್ಯವೇ ಕಾರಣ ಎಂಬ ಮಾತನ್ನು ಪ್ರತಿ ಸಲವೂ ಯಾರೋ ಒಬ್ಬರು ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಆಮೇಲೆ ಆ ಜಾಗದಲ್ಲಿ ನೆರಳು ಎಲ್ಲಿದೆ ಎಂದು ಸುತ್ತ ನೋಡುತ್ತಿದ್ದೆ. ಹೆಚ್ಚಾಗಿ ಇರುತ್ತಿರಲಿಲ್ಲ. ಅದನ್ನು ಬರೆಯಲು ನಾಲ್ಕು ಸಾಲಿನಲ್ಲಿ ಜಾಗವೂ ಇರುತ್ತಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ, ಬಿದ್ದದ್ದನ್ನು ಎತ್ತಿಹಾಕುವ ಕೆಲಸಕ್ಕೆ ನೀಲವ್ವನೂ ಬಂದಿದ್ದಳು. ಬಗಲಲ್ಲಿ ಕೂಸು, ಕೈಯಲ್ಲಿ ಇನ್ನೊಂದು ಹಳೆಯ ಸೀರೆ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ.

"ಇವತ್ತ ಎಲ್ಲಿ ಕಟ್ಲಿ, ನೀವೇ ಹೇಳ್ರಿ."

ಸುತ್ತ ನೋಡಿದೆ. ಅಷ್ಟು ಬಯಲಿನಲ್ಲಿ ಗರಿ ಹೊದಿಸಿದ ಚಪ್ಪರ ಒಂದೇ ಇತ್ತು. ಅದರ ಕೆಳಗೆ ನಾವು ಸಿಮೆಂಟ್ ಚೀಲಗಳನ್ನು ಇಟ್ಟಿದ್ದೆವು.