ಕಾಕಾನ ಮುಂದೆ ಡಾಕ್ಟರರ ನಕಲು

ನನ್ನ ಕಾಕಾ ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ದ್ರಾಕ್ಷಿಗೆ ಹೊಡೆಯುವ ಔಷಧ ತಂದರೆ ಬಾಟಲಿಯ ಮುಚ್ಚಳ ಅಸಲಿಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತಾನೆ. ನಮ್ಮೂರು ಶೇಡಬಾಳದ ಯಾರ ದನಿಯನ್ನು ಬೇಕಾದರೂ ಅಣಕಿಸಿ ತೋರಿಸುವ ನನ್ನನ್ನಂತೂ ಎಂದೂ ನಂಬಿದ್ದಿಲ್ಲ. ತಪ್ಪು ಅವನದಲ್ಲ. ನನ್ನ ಸ್ವಂತ ದನಿ ಯಾವುದೆಂದು ನನಗೇ ಖಾತ್ರಿಯಿಲ್ಲ.

ಹೋದ ವರ್ಷ ಮಿರಜಿನ ಆಸ್ಪತ್ರೆಯಲ್ಲಿ ಅವನ ದೊಡ್ಡ ಕರುಳಿನಿಂದ ಕ್ಯಾನ್ಸರ್ ಗಂಟು ತೆಗೆದಿದ್ದರು. ಈ ಸಲ ತಪಾಸಣೆಗೆ ರಕ್ತ ಕೊಟ್ಟು ಬಂದವನು ದ್ರಾಕ್ಷಿ ಕೊಯ್ಲಿನ ಗದ್ದಲದಲ್ಲಿದ್ದ. ವರದಿ ತರಲು ನಾನೊಬ್ಬನೇ ರೈಲು ಹತ್ತಿದೆ. ಡಾಕ್ಟರರು ಬಿಡಿಸಿ ಹೇಳಿದರು: ಜೀವಕೋಶಗಳು ಬೇಕಾಬಿಟ್ಟಿ ಬೆಳೆಯದಂತೆ ತಡೆಯುವ ಜೀನುಗಳಿವೆ. ಅವುಗಳ ಮೇಲೆ ಮೀಥೈಲ್ ಎಂಬ ರಾಸಾಯನಿಕ ಚೂರು ಬಂದು ಕೂತರೆ ಅವು ಬಾಯಿ ಮುಚ್ಚಿಕೊಳ್ಳುತ್ತವೆ. ಆಪರೇಶನ್ ಆದಮೇಲೆ ರಕ್ತದಲ್ಲಿ ಕಾಣದಿದ್ದ ಆ ಮೀಥೈಲಿನ ಗುರುತು ಈಗ ಮತ್ತೆ ಕಂಡಿದೆ. ರೋಗ ಮರಳಿರಬಹುದು, ಸ್ಕ್ಯಾನ್ ಮಾಡದೆ ಹೇಳಲಾಗದು.

ಕೊಯ್ಲು ಮುಗಿಯುವ ತನಕ ಅವನಿಗೆ ತಿಳಿಸುವುದು ಬೇಡವೆಂದು ಅಪ್ಪ ಮತ್ತು ಕಾಕಾನ ಹೆಂಡತಿ ಕಾಕು ತೀರ್ಮಾನಿಸಿದರು. ವರದಿ ಚಲೋ ಬಂದಿದೆ ಎಂದು ನನ್ನಿಂದಲೇ ಹೇಳಿಸಿದರು.

ಕಾಕಾ ಎರಡು ದಿನ ನಮ್ಮನ್ನು ಗಮನಿಸಿದ. ಕಾಕು ಕೇಳುವ ಮೊದಲೇ ಎರಡನೇ ಚಹಾ ತಂದಿಟ್ಟಳು. ಅಪ್ಪ ನೀರಿನ ಪಾಳಿಯ ಜಗಳವನ್ನು ತಾನಾಗಿಯೇ ಬಿಟ್ಟುಕೊಟ್ಟ. ಮೂರನೆಯ ದಿನ ದ್ರಾಕ್ಷಿ ಚಪ್ಪರದ ಕೆಳಗೆ ಕಾಕಾ ನನ್ನನ್ನು ಹಿಡಿದ.

“ಎರಡ್ ದಿನ ಆತು, ನನ್ನ ನಡಿಗಿ ಅಣಕಿಸಿಲ್ಲಲೇ ನೀ. ಏನ್ ಮುಚ್ಚಿಟ್ಟೀರಿ ಎಲ್ಲಾರೂ?”

ಕಾಲು ನೋವೆಂದೆ.

“ಹಂಗಾರ ಕುಂತs ಮಾಡು. ಡಾಕ್ಟರ್ ಹೆಂಗ ಹೇಳಿದ್ರು, ಹಂಗs ಮಾಡಿ ತೋರ್ಸು.”

ಸುಳ್ಳನ್ನು ಡಾಕ್ಟರರ ಬಾಯಿಗೆ ಹಾಕುವುದೇನು ದೊಡ್ಡದು ಎಂದು ಶುರು ಮಾಡಿದೆ. ಅವರಂತೆ ಮರಾಠಿ ಬೆರೆಸಿದೆ, ಗಂಟಲು ಸರಿಮಾಡಿಕೊಂಡೆ. “ರಿಪೋರ್ಟ್ ಚಾಂಗಲಾ, ಚಲೋ ಐತಿ” ಎನ್ನುವಷ್ಟರಲ್ಲಿ ನನ್ನ ಕೈ ಇಲ್ಲದ ಕನ್ನಡಕವನ್ನು ತೆಗೆದು, ಅಂಗಿಯ ತುದಿಗೆ ಮೆಲ್ಲಗೆ ಒರೆಸತೊಡಗಿತು. ಕೆಟ್ಟ ಸುದ್ದಿ ಹೇಳುವ ಮುಂಚೆ ಡಾಕ್ಟರರು ಮಾಡಿದ್ದೇ ಹಾಗೆ. ಎಂಥ ಕಲಾವಿದ ನಾನು!

“ಚಲೋ ಇದ್ರ ಚಸ್ಮಾ ಯಾಕ ತಗದ್ರು?” ಎಂದ ಕಾಕಾ.

ಎಲ್ಲವನ್ನೂ ಹೇಳಿಬಿಟ್ಟೆ. ಮೀಥೈಲಿನ ಮಾತನ್ನು ಎರಡೆರಡು ಸಲ ಹೇಳಿಸಿಕೊಂಡರೂ ಅವನ ಹುಬ್ಬು ಇಳಿಯಲಿಲ್ಲ.

“ಆ ಗುರುತs ಸುಳ್ಳಿರಬಾರ್ದ್ಯಾಕ?”

“ಇರಬಹುದಂದಾರ ಕಾಕಾ. ಅದಕ್ಕs ಸ್ಕ್ಯಾನ್ ಮಾಡ್ಸಂದಾರ.”

ಅವನು ಕತ್ತರಿಯನ್ನು ಬುಟ್ಟಿಯಲ್ಲಿಟ್ಟು, ನಾಳೆಯ ಕೊಯ್ಲು ನೋಡಿಕೊಳ್ಳಲು ಅಪ್ಪನಿಗೆ ಕೂಗಿ ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ.

“ನಾಳೆ ಮಿರಜಿಗಿ ಹೋಗೂಣು. ಡಾಕ್ಟರ್ ಮಾತಾಡುವಾಗ ಒಳಗ ನಾ ಕುಂದರ್ತೀನಿ. ನೀ ಹೊರಗ.”